ಕೂತರೆ ಸಾಕು, ನದಿ ಕರೆದೊಯ್ಯುತ್ತದೆ

ತಪ್ಪಣ್ಣನ ಅಂಗಿ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು ಇರುತ್ತಿತ್ತು. ಸಕಲ ರಗಳೆಗೂ ಮೂಲ ಅದೇ.

ಅಪ್ಪ ಅಮ್ಮ ಇಟ್ಟ ಹೆಸರು ಪ್ರೆಸ್ಸಿನ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೆರಡು ವರ್ಷ ಒಂದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ನೋಡಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ತಿದ್ದುವ ಚಟ ಅವನಿಗೆ ಅಂಟಿಕೊಂಡಿತ್ತು. ಬಸ್ ಟಿಕೆಟ್ಟು, ಔಷಧಿ ಚೀಟಿ, ಕೆಳಮನೆಯ ಟೈಲರ್ ಬರೆದುಕೊಂಡ ಅಳತೆಗಳು, ಯಾವುದಕ್ಕೂ ಬಿಡುಗಡೆ ಇರಲಿಲ್ಲ. ತಿದ್ದಿದ ಮೇಲೆ ಪಕ್ಕದಲ್ಲಿ "ಗಮನಿಸಿ!" ಎಂದು ಬರೆದು ಕೆಳಗೆ ಮೂರು ಗೆರೆ ಎಳೆದರೇನೇ ಅವನಿಗೆ ತಿಂದ ಅನ್ನ ಮೈಗೆ ಹತ್ತುತ್ತಿದ್ದುದು. ಹಾಗಾಗಿ ಬೀದಿಯವರೆಲ್ಲ ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ತಪ್ಪಣ್ಣ ಎಂದೂ ಕರೆಯುತ್ತಿದ್ದರು.

ಆ ವಾರ ಅವನ ಹೆಂಡತಿ ತನ್ನ ಅಕ್ಕನಿಗೆ ಒಂದು ಕಾಗದ ಬರೆದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಕಾಗದ ಸಿಡುಬು ಎದ್ದ ಮುಖದ ಹಾಗೆ ಕೆಂಪಗಾಗಿತ್ತು. "ನಾನಿಲ್ಲಿ ಸುಖವಾಗಿದ್ದೇನೆ" ಎಂಬ ಸಾಲಿನ ಪಕ್ಕದಲ್ಲಿ "ಆಧಾರವೇನು? ಗಮನಿಸಿ!" ಎಂದಿತ್ತು. ಅಡಿಯಲ್ಲಿ ಮೂರು ಗೆರೆ. ಅವಳು ಎರಡು ದಿನ ಮಾತೇ ಬಿಟ್ಟಳು.

ಮೂರನೇ ದಿನ ರಾಜಿಗೆಂದು ತಪ್ಪಣ್ಣ ಒಂದು ನಕ್ಷೆ ತಂದ. ನದಿ ಕಣಿವೆಯಲ್ಲಿ ಸೈಕಲ್ ಪ್ರವಾಸ ಮಾಡುವವರಿಗೆಂದೇ ಅಚ್ಚಾದ, ನಾಲ್ಕು ಮಡಿಕೆಯ, ನುಣುಪು ಕಾಗದದ ನಕ್ಷೆ. ಅವನ ಪ್ರೆಸ್ಸಿನದೇ. ಮೆಟ್ಟಿಲ ಕೆಳಗೆ ತುಕ್ಕು ತಿನ್ನುತ್ತಿದ್ದ ಎರಡು ಸೈಕಲ್ಲಿನ ನೆನಪು ಅವಳಿಗೂ ಬಂತು. ಮದುವೆಯಾದ ಹೊಸದರಲ್ಲಿ ಊರೂರು ಸುತ್ತೋಣ ಎಂದು ಖರೀದಿಸಿದ್ದ ಸೈಕಲ್ಲುಗಳು ಅವು. ಸುತ್ತಿದ್ದು ಮಾರ್ಕೆಟ್ಟಿನ ತನಕ ಮಾತ್ರ.

"ಈ ವಯಸ್ಸಲ್ಲಿ ನನ್ನ ಕೈಲಿ ತುಳಿಯೋಕಾಗುತ್ತೇನ್ರೀ?" ಎಂದಳು.

"ಯಾರು ತುಳಿ ಅಂದ್ರು? ನದಿ ಎತ್ತ ಹರಿಯುತ್ತೋ ರಸ್ತೆನೂ ಅತ್ತಲೇ ಇಳಿಯುತ್ತೆ. ಇಲ್ನೋಡು, ನೀಲಿ ಬಾಣ. ಹರಿವು ಹೀಗೆ, ಮೇಲಿಂದ ಕೆಳಕ್ಕೆ. ನಾವು ಮೇಲ್ಗಡೆ ಸ್ಟೇಷನ್ನಲ್ಲಿ ಇಳಿಯೋದು, ಕೆಳತುದಿಯ ವಸತಿಗೃಹ ಸೇರೋದು. ಕೂತ್ರೆ ಸಾಕು, ನದಿ ಕರ್ಕೊಂಡು ಹೋಗುತ್ತೆ."

ಅವಳು ನಕ್ಷೆಯನ್ನು ನೋಡಿದಳು, ಗಂಡನ ಜೇಬನ್ನು ನೋಡಿದಳು. ಆಮೇಲೆ ಒಂದು ಷರತ್ತು ಹಾಕಿದಳು. "ಬರ್ತೀನಿ. ಆದ್ರೆ ಈ ಪ್ರವಾಸದಲ್ಲಿ ನಿಮ್ಮದು ಒಂದೇ ಒಂದು ತಪ್ಪು ಸಿಕ್ಕಿದ್ರೂ ಆ ಕೆಂಪು ಪೆನ್ನು ನನ್ನ ಕೈಗೆ ಕೊಡ್ಬೇಕು. ಮನೇಲಿ ಇನ್ಯಾವತ್ತೂ ಯಾರನ್ನೂ ತಿದ್ದಬಾರ್ದು."

ತಪ್ಪಣ್ಣ ನಕ್ಕು ಒಪ್ಪಿಬಿಟ್ಟ. ಒಪ್ಪಿದ ಮೇಲೆ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡ. ಕೆಂಪು ಪೆನ್ನಿಲ್ಲದ ತಪ್ಪಣ್ಣ ಎಂದರೆ ಉಳಿಯುವುದು ಬರೀ ಅಣ್ಣ.

ಸುದ್ದಿ ತಿಳಿದ ಟೈಲರ್ ತಾನೂ ಬರುತ್ತೇನೆಂದು ಸೈಕಲ್ ಸಮೇತ ಹಾಜರಾದ. ತುಳಿಯೋ ಹಾಗಿಲ್ಲ ಅಂದ ಮೇಲೆ ಯಾಕೆ ಬಿಡೋದು ಎಂಬುದು ಅವನ ಲೆಕ್ಕಾಚಾರ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

ಶನಿವಾರ ಬೆಳಿಗ್ಗೆ ಮೊದಲ ರೈಲಿನಲ್ಲಿ ಹೊರಟು, ಎಂಟಕ್ಕೆಲ್ಲ ಮೂವರೂ ನದಿಯ ಪಕ್ಕದ ರಸ್ತೆಯಲ್ಲಿದ್ದರು. ಎಂಥ ಬೆಳಗು! ಹೊಲದ ಅಂಚಿಗೆಲ್ಲ ಹಳದಿ ಹೂವು, ನೀರಿನ ಮೇಲೆ ತೆಳುವಾದ ಮಂಜು, ದೂರದಲ್ಲಿ ನೀಲಿ ಬೆಟ್ಟಗಳ ಸಾಲು. ಹೆಂಡತಿ ಹುಡುಗಿಯ ಹಾಗೆ ಗಂಟೆ ಬಾರಿಸುತ್ತ ಮುಂದೆ ಹೋದಳು. ಟೈಲರ್ ಹಾಡತೊಡಗಿದ.

ಮೊದಲ ಸೇತುವೆಯ ಮೇಲೆ ಅವಳು ಸೈಕಲ್ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದಳು. "ರೀ, ನೀರು ನಮಗೆ ಎದುರಾಗಿ ಬರ್ತಿದೆಯಲ್ಲ?"

"ಗಾಳಿ ಕಣೇ. ಮೇಲಿನ ನೀರನ್ನ ಗಾಳಿ ಹಿಂದಕ್ಕೆ ತಳ್ಳುತ್ತೆ. ಅಡಿಯಲ್ಲಿ ಸರಿಯಾಗೇ ಹೋಗ್ತಿರುತ್ತೆ."

ಅವಳು ಒಂದು ಎಲೆ ಕಿತ್ತು ನೀರಿಗೆ ಹಾಕಿದಳು. ಎಲೆ ಅವರು ಬಂದ ದಿಕ್ಕಿಗೇ ತೇಲುತ್ತ ಸ್ಟೇಷನ್ನಿನ ಕಡೆ ಹೊರಟುಹೋಯಿತು. ಎಲೆ ಹಗುರ, ಅದಕ್ಕೇನು ಗೊತ್ತು ಎಂದ ತಪ್ಪಣ್ಣ. ಹಿಂದೆಯೇ ಒಂದು ಮರದ ದಿಮ್ಮಿ ಅದೇ ದಾರಿ ಹಿಡಿದು ಬಂತು. ತಪ್ಪಣ್ಣ ಅದನ್ನು ನೋಡದವನಂತೆ ಸೈಕಲ್ ಹತ್ತಿದ. ಅಚ್ಚಾದ ಬಾಣವೊಂದು ಕಣ್ಣೆದುರಿಗಿರುವಾಗ ದಿಮ್ಮಿಯ ಮಾತನ್ನು ಯಾರು ನಂಬುತ್ತಾರೆ?

ಹತ್ತು ಗಂಟೆಗೆ ಟೈಲರನ ಹಾಡು ನಿಂತಿತು. ಹನ್ನೊಂದಕ್ಕೆ ಮೂವರೂ ನಿಂತುಕೊಂಡು ತುಳಿಯುತ್ತಿದ್ದರು. ಹನ್ನೆರಡಕ್ಕೆ ಇಳಿದು ತಳ್ಳುತ್ತಿದ್ದರು. ಇದು ನಡುವೆ ಬರೋ ಚಿಕ್ಕ ಏರು, ಇದು ದಾಟಿದರೆ ಇಳಿಜಾರು ಎಂದು ತಪ್ಪಣ್ಣ ಪ್ರತಿ ತಿರುವಿನಲ್ಲೂ ಸಮಾಧಾನ ಹೇಳಿದ. ತಿರುವು ಕಳೆದರೆ ಅದಕ್ಕಿಂತ ದೊಡ್ಡ ಏರು ಕಾದಿರುತ್ತಿತ್ತು. ಟೈಲರನ ಚೈನು ಮೂರು ಸಲ ಕಳಚಿತು. ತಪ್ಪಣ್ಣನ ಪ್ಯಾಂಟು ಪೆಡಲ್ಲಿಗೆ ಸಿಕ್ಕಿ ಮೊಣಕಾಲವರೆಗೆ ಹರಿಯಿತು. ಟೈಲರ್ ಅಲ್ಲೇ ಟೇಪು ಹಿಡಿದು ಹನ್ನೊಂದು ಇಂಚು ಎಂದು ಘೋಷಿಸಿದ.

"ಕೂತ್ರೆ ಸಾಕು ಅಂದಿದ್ರಲ್ಲ ಸಾರ್," ಎಂದ ಅವನು, ಕಲ್ಲಿನ ಮೇಲೆ ಕುಸಿದು. "ಕೂತಿದ್ದೀನಿ. ಈಗ ನದಿಗೆ ಬರೋಕೆ ಹೇಳಿ."

ಹೆಂಡತಿ ಗಂಡನ ಜೇಬನ್ನಷ್ಟೇ ನೋಡಿದಳು. ತಪ್ಪಣ್ಣ ಜೇಬಿನ ಮೇಲೆ ಕೈ ಇಟ್ಟುಕೊಂಡ.

ಮಧ್ಯಾಹ್ನ ಎರಡನೇ ಸೇತುವೆಯ ಕಟ್ಟೆಯ ಮೇಲೆ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್ ಕೂತಿದ್ದರು. ಪಕ್ಕದಲ್ಲಿ ಸೈಕಲ್ಲು, ಕೈಯಲ್ಲಿ ಅದೇ ನಕ್ಷೆ. ಅದರಲ್ಲಿ ಅವರು ಗಾಳಿ ಹಾಕಿಕೊಳ್ಳುತ್ತಿದ್ದರು. ಕುರಿ ಕಾಯುವವನೊಬ್ಬ ಇವರನ್ನೆಲ್ಲ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಷೆ ಬಂದಾಗಿನಿಂದ ಜನ ಹೀಗೇ ಬೆಟ್ಟಕ್ಕೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾರೆ, ನದಿ ಹುಟ್ಟುವುದೇ ಬೆಟ್ಟದ ಮೇಲಿನ ವಸತಿಗೃಹದ ಹತ್ತಿರ ಎಂದು ತಿಳಿಸಿ, ಕುರಿ ಹೊಡೆದುಕೊಂಡು ಹೋದ.

ತಪ್ಪಣ್ಣನ ಮುಖ ಅರಳಿತು. ತಪ್ಪು ಸಿಕ್ಕಿತ್ತು. ಅದೂ ಬೇರೆಯವರದು!

"ನೋಡಿದ್ಯಾ? ಬಾಣನೇ ಉಲ್ಟಾ! ನನ್ನದೇನೂ ಇಲ್ಲ. ನಾನು ನೋಡೋದು ಅಕ್ಷರ. ಗೆರೆ, ಬಾಣ ಎಲ್ಲ ನಕ್ಷೆ ಬರೆದವನ ಜವಾಬ್ದಾರಿ."

ಅಲ್ಲೇ ಕಟ್ಟೆಯ ಮೇಲೆ ಕೂತು ಅವನು ನಕ್ಷೆಯ ಪ್ರಕಾಶಕರಿಗೆ ದೂರು ಬರೆದ. ದಣಿವೆಲ್ಲ ಎಲ್ಲಿ ಹೋಯಿತೋ! ಈ ಬಾಣವನ್ನು ಹೀಗೆ ತಿರುಗಿಸಿದವರು ಯಾರೇ ಆಗಿರಲಿ ಅವರನ್ನು ಪತ್ತೆ ಹಚ್ಚಬೇಕು, ಅವರ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಕು, ಇನ್ನು ಮುಂದೆ ಅವರು ಒಂದು ಚುಕ್ಕೆಯನ್ನೂ ಇಡಬಾರದು ಎಂದು ಆವೇಶದಿಂದ ಬರೆದು ಜೋರಾಗಿ ಓದಿದ. ಹೆಡ್‌ಮಿಸ್ಟ್ರೆಸ್ ಸಹಿ ಹಾಕಿದರು. ಟೈಲರ್ ಹಾಕಿದ. ಹೆಂಡತಿಯೂ ಹಾಕಿದಳು. ಎಲ್ಲರಿಗಿಂತ ದೊಡ್ಡದಾಗಿ ತಪ್ಪಣ್ಣ ಹಾಕಿದ.

ವಾಪಸು ಇಳಿದು ಹೋಗೋಣವೆಂದರೆ ಆ ಹೊತ್ತಿಗೆ ರೈಲಿಲ್ಲ. ನಾಲ್ವರೂ ತಳ್ಳುತ್ತ, ನಗುತ್ತ, ನಕ್ಷೆ ಬರೆದವನಿಗೆ ಸರದಿಯ ಮೇಲೆ ಶಾಪ ಹಾಕುತ್ತ ಸಂಜೆಗೆ ಬೆಟ್ಟದ ನೆತ್ತಿ ಮುಟ್ಟಿದರು. ವಸತಿಗೃಹದ ಅಂಗಳದ ತುಂಬ ಸೈಕಲ್ಲು. ಒಳಗೆ ಬೆಂಚುಗಳ ಮೇಲೆ ಕಾಲು ಚಾಚಿದ ಜನ. ಬಿಸಿ ಚಹಾದ ಕೆಟಲ್ ಹಿಡಿದು ಬಿಳಿಗೂದಲಿನ ಮುದುಕರೊಬ್ಬರು ಓಡಾಡುತ್ತಿದ್ದರು. ಅವರು ಸರ್ವೆಯರ್ ಆಗಿದ್ದವರು, ವಸತಿಗೃಹ ಅವರ ಮಗಳದು, ಆ ನಕ್ಷೆ ಬರೆದವರೂ ಅವರೇ ಎಂದು ಪಕ್ಕದ ಬೆಂಚಿನವರು ಹೇಳಿದರು.

ತಪ್ಪಣ್ಣ ಎದ್ದು ನಿಂತು, ಹರಿದ ಪ್ಯಾಂಟಿನಲ್ಲೇ ಗಂಭೀರವಾಗಿ ದೂರನ್ನು ಅವರ ಕೈಗಿತ್ತ. ಮುದುಕರು ಕನ್ನಡಕ ಏರಿಸಿ ಪೂರ್ತಿ ಓದಿದರು. ಕೋಪ ಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ ಕಟ್ಟು ಹಾಕಿಸಿದ ಒಂದು ದೊಡ್ಡ ಹಾಳೆ ತಂದು ಮೇಜಿನ ಮೇಲಿಟ್ಟರು.

"ಇದು ನಕ್ಷೆ ಅಚ್ಚಾದ ಮೇಲೆ ಪ್ರೆಸ್ಸಿಂದ ವಾಪಸು ಬಂದ ಪ್ರೂಫು. ನಾನು ಬರ್ದಿದ್ದು ಈ ಕಪ್ಪು ಬಾಣ. ನಕ್ಷೇಲಿ ಮೇಲ್ಗಡೆ ಅಂದ್ರೆ ಉತ್ತರ. ನಮ್ಮ ನದಿ ಉತ್ತರಕ್ಕೆ ಹರಿಯೋದು. ಅದಕ್ಕೆ ಬಾಣ ಮೇಲ್ಮುಖ. ಪ್ರೆಸ್ಸಲ್ಲಿ ಯಾರೋ ಪುಣ್ಯಾತ್ಮರು ಅದನ್ನ ಹೊಡೆದುಹಾಕಿ ಈ ಕೆಂಪು ಬಾಣ ಹಾಕಿದ್ರು."

ಬೆಂಚಿನ ಮೇಲೆ ನಿದ್ದೆ ಹೋಗಿದ್ದ ಟೈಲರ್ ಒಬ್ಬನನ್ನು ಬಿಟ್ಟು ಎಲ್ಲರೂ ಬಗ್ಗಿ ನೋಡಿದರು. ಕಪ್ಪು ಬಾಣದ ಮೇಲೆ ಗೀಟು. ಪಕ್ಕದಲ್ಲಿ ಕೆಳಮುಖವಾದ ಕೆಂಪು ಬಾಣ. ಅಂಚಿನಲ್ಲಿ ಕೆಂಪಕ್ಷರದ ಒಂದು ಸಾಲು: "ನದಿ ಎಲ್ಲಾದರೂ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆಯೇ? ಗಮನಿಸಿ!"

ಅಡಿಯಲ್ಲಿ ಮೂರು ಗೆರೆ.

ತಪ್ಪಣ್ಣ ಆ ಸಾಲನ್ನು ಎರಡು ಸಲ ಓದಿದ. ದಿನಕ್ಕೆ ನೂರು ಹಾಳೆ ನೋಡುವವನಿಗೆ ಇದೊಂದು ಹೇಗೆ ನೆನಪಿರಬೇಕು? ಈಗ ಮಾತ್ರ ಚೆನ್ನಾಗಿ ನೆನಪಾಯಿತು.

"ಮೊದಲು ನನಗೂ ಕೋಪ ಬಂದಿತ್ತು," ಎಂದರು ಮುದುಕರು, ಚಹಾ ಬಗ್ಗಿಸುತ್ತ. "ಆದ್ರೆ ಮುಂಚೆ ಜನ ಇಲ್ಲಿಂದ ಹೊರಟು, ಗಂಟೆ ಬಾರಿಸ್ಕೊಂಡು ಇಳಿದು ಹೋಗಿಬಿಡೋರು. ಒಂದು ಲೋಟ ಚಹಾಕ್ಕೂ ನಿಲ್ತಿರ್ಲಿಲ್ಲ. ಈಗ ಹತ್ತಿ ಬಂದವರಿಗೆ ಇನ್ನೊಂದು ಹೆಜ್ಜೆ ಇಡೋ ಶಕ್ತಿ ಇರೋದಿಲ್ಲ. ಮಗಳ ಮನೆ ತುಂಬಿರುತ್ತೆ. ಆ ಪುಣ್ಯಾತ್ಮರು ಸಿಕ್ಕಿದ್ರೆ ಹೊಟ್ಟೆ ತುಂಬ ಊಟ ಹಾಕಿ ಕೈ ಮುಗೀಬೇಕು ಅಂತಿದ್ದೀನಿ."

ಊಟ ಎಂದ ಕೂಡಲೇ ತಪ್ಪಣ್ಣನ ಬಾಯಿ ಅರ್ಧ ತೆರೆಯಿತು. ಸುತ್ತ ಬೆಂಚುಗಳ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ಇಪ್ಪತ್ತು ಜನರನ್ನು ನೋಡಿ ಮುಚ್ಚಿಕೊಂಡಿತು.

ಹೆಂಡತಿ ಆ ಮೂರು ಗೆರೆಗಳನ್ನು ತುಂಬ ಹೊತ್ತು ನೋಡಿದಳು. ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಹೆಡ್‌ಮಿಸ್ಟ್ರೆಸ್ ಗಾಬರಿಯಾದರು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

"ನಾನು ಯಾರಿಗೂ ಹೇಳಲ್ಲ ಬಿಡಿ," ಎಂದು ಗಂಡನ ಕಿವಿಯಲ್ಲಿ ಪಿಸುಗುಟ್ಟಿ, ಅಂಗೈ ಚಾಚಿದಳು.

ತಪ್ಪಣ್ಣ ಜೇಬಿನಿಂದ ಕೆಂಪು ಪೆನ್ನು ತೆಗೆದು, ನಿಧಾನವಾಗಿ ಆ ಅಂಗೈ ಮೇಲಿಟ್ಟ. ಆಗಷ್ಟೇ ಎಚ್ಚರಗೊಂಡ ಟೈಲರ್ ಏನು ಎತ್ತ ಎಂದು ಕೇಳಿದ.

ಅವಳು ಚಹಾದ ಲೋಟ ಬದಿಗಿಟ್ಟು, ಮುದುಕರು ಮೇಜಿನ ಮೇಲಿಟ್ಟಿದ್ದ ದೂರಿನ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೇಲಿನಿಂದ ಓದತೊಡಗಿದವಳು ಮೊದಲ ಸಾಲಿನಲ್ಲೇ ನಿಂತಳು.

"ರೀ, ಇವತ್ತು ಶನಿವಾರ. ನೀವು ಭಾನುವಾರ ಅಂತ ಬರ್ದಿದ್ದೀರ."

ಪೆನ್ನಿನ ಮುಚ್ಚಳ ತೆಗೆದು, ಭಾನುವಾರವನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ "ಗಮನಿಸಿ!" ಎಂದು ಬರೆದಳು. ಕೆಳಗೆ ಒಂದೊಂದಾಗಿ ಮೂರು ಗೆರೆ ಎಳೆದಳು.