ಮಣ್ಣಿನ ಸರದಾರನಿಗೆ ಬೆಂಗಾವಲು ಯಾರು?

ಲಿಂಗಸುಗೂರಿನ ದಂಡಿನ ಛಾವಣಿಯಿಂದ ಫೌಜು ಹೋಗಿ ಎಷ್ಟೋ ವರ್ಷವಾಗಿತ್ತು. ಲಡಾಯಿ ಮಾತ್ರ ನಿಂತಿರಲಿಲ್ಲ. ಶುಕ್ರವಾರ ಕಚೇರಿಗೆ ರಜೆ. ಅಂದು ಕುದುರೆ ದಂಡಿನ ನಿವೃತ್ತ ರಿಸಾಲದಾರ ಸಾಹೇಬರ ಪಡಸಾಲೆಯ ಮೇಜಿನ ಮೇಲೆ ಅದು ನಡೆಯುತ್ತಿತ್ತು, ಪ್ರತಿ ಸಲವೂ ಏನಾದರೊಂದು ಎಡವಟ್ಟಾಗುತ್ತಿತ್ತು. ತಹಸೀಲಿನ ಕಾರಕೂನನಾದ ನಾನು ಆಡುತ್ತಿರಲಿಲ್ಲ. ತಕರಾರು ಬಂದರೆ ತೀರ್ಪು ಹೇಳುವುದು ನನ್ನ ಕೆಲಸ. ಮಾತು ಕಡಿಮೆ ಎಂಬ ಕಾರಣಕ್ಕೆ ಸಿಕ್ಕ ಹುದ್ದೆ.

ಮಸ್ಕಿಯ ಕುಂಬಾರನೊಬ್ಬನಿಂದ ಸಾಹೇಬರು ಫೌಜು ಮಾಡಿಸಿದ್ದರು. ಹೆಬ್ಬೆರಳೆತ್ತರದ ಮಣ್ಣಿನ ಸಿಪಾಯಿಗಳು, ಸವಾರರು, ಎತ್ತಿನ ಗಾಡಿಗಳು. ಕಾಯ್ದೆಯೂ ಅವರದೇ. ಒಂದು ಸಲಕ್ಕೆ ಗಾಡಿ ಅರ್ಧ ಗೇಣು ನಡೆಯಬೇಕು, ಕಾಲಾಳು ಒಂದು, ಸವಾರ ಎರಡು, ಸರದಾರನ ಕುದುರೆ ಮೂರು. ಅಂಗೈಯಗಲದೊಳಗೆ ತನ್ನವರು ಯಾರೂ ಇಲ್ಲದಾಗ ಸರದಾರನನ್ನು ಎದುರಾಳಿಯ ಸವಾರ ಮುಟ್ಟಿದರೆ ಆಟ ಮುಗಿಯಿತು. ಇಷ್ಟು ಜೋರಾಗಿ ಓಡುವವನ ಜೊತೆ ಯಾರನ್ನು ಕಳಿಸುವುದು ಎಂಬುದೇ ಎಲ್ಲರ ತಲೆನೋವು.

ಶೆಟ್ಟರ ಗಾಡಿಗಳು

ಕಿರಾಣಿ ಅಂಗಡಿಯ ಶೆಟ್ಟರು ಬೆಂಗಾವಲಿಗೆ ದವಸದ ಗಾಡಿಗಳನ್ನು ಆರಿಸಿದರು. ಊಟ ಸಿಗದ ಕಡೆ ಹೋಗಿ ಸರದಾರ ಮಾಡುವುದೇನು ಎಂಬುದು ಅವರ ವಾದ. ಆದರೆ ಗಾಡಿ ಬಿಟ್ಟು ಮುಂದೆ ಹೋಗಲು ಧೈರ್ಯವಿಲ್ಲ. ಹೀಗಾಗಿ ಮೂರು ಗೇಣು ಹಾರುವ ಕುದುರೆ ಮಧ್ಯಾಹ್ನವೆಲ್ಲ ಎತ್ತಿನ ಹೆಜ್ಜೆಯಲ್ಲಿ ನಡೆಯಿತು. ಕುದುರೆಗಳ ನಡುವೆಯೇ ಆಯುಷ್ಯ ಕಳೆದ ಸಾಹೇಬರಿಗೆ ಅದನ್ನು ನೋಡಲಾಗಲಿಲ್ಲ.

“ಶೆಟ್ಟರ, ಅವಗ ಕುದುರಿ ಯಾಕ ಕೊಟ್ಟೀರಿ? ಗಾಡ್ಯಾಗ ಕುಂದ್ರಸ್ರಿ.”

ಅದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆಯೇ ಎಂದು ಶೆಟ್ಟರು ನನ್ನನ್ನು ಕೇಳಿದರು. ಬೇಡ ಎನ್ನುವ ಕಾಯ್ದೆ ಇಲ್ಲ ಎಂದೆ. ಸರದಾರ ಗಾಡಿ ಹತ್ತಿದ. ಸರದಾರ, ಕುದುರೆ ಎರಡೂ ಒಂದೇ ಮಣ್ಣಿನ ಮುದ್ದೆಯಾದ್ದರಿಂದ ಕುದುರೆಯೂ ಹತ್ತಿತು.

ಮಾಸ್ತರರ ಕೈ

ನಮ್ಮ ಶಾಲೆಯ ಮಾಸ್ತರರು ಆಳೆತ್ತರಕ್ಕಿಂತ ಒಂದು ಕೈ ಹೆಚ್ಚು. ಮೊದಮೊದಲು ಅವರವರ ಗೇಣಿನಲ್ಲಿ ಅವರವರು ಅಳೆಯುತ್ತಿದ್ದರು. ಮಾಸ್ತರರು ಬೆಂಗಾವಲಿಗೆ ಬರೀ ಕಾಲಾಳುಗಳನ್ನು ಇಟ್ಟುಕೊಂಡು, ಬೆರಳು ಚಾಚಿ ಚಾಚಿ, ಶೆಟ್ಟರ ಸವಾರರ ಬೆನ್ನಟ್ಟಿ ಗೆಲ್ಲುತ್ತಿದ್ದರು. “ಇವರ ಸಿಪಾಯಿ ನಡಿಯಂಗಿಲ್ರಿ, ಹಾರ್ತಾನ” ಎಂದು ಶೆಟ್ಟರು ತಕರಾರು ತೆಗೆದರು.

ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ತೀರ್ಪು ಕೊಟ್ಟೆ. ಯಾರ ಗೇಣು ಎಂಬ ಜಗಳ ಶುರುವಾಯಿತು. ಆಟಕ್ಕೆ ಸೇರದವರ ಗೇಣೇ ಇರಲಿ ಎಂದು ಸಾಹೇಬರು ಒಳಗೆ ಕೂಗಿ ಹೇಳಿದರು. ಪರದೆಯ ಸಂದಿಯಿಂದ ಅವರ ಮುಪ್ಪಾದ ತಾಯಿಯ ಕೈಯೊಂದು ಹೊರಗೆ ಬಂತು. ಆ ಗೇಣಿಗೆ ಜೋಳದ ದಂಟು ಮುರಿದು ಅಳತೆಕೋಲು ಮಾಡಿದೆ. ಕೈ ಮಗುವಿನದರಷ್ಟಿತ್ತು. ಅಂದಿನ ಆಟದಲ್ಲಿ ಎರಡೂ ಫೌಜು ನಡೆದೇ ನಡೆದವು. ಸಂಜೆ ಪರದೆಯ ಹಿಂದಿನಿಂದ ಅಮ್ಮಾಜಿ ಕೇಳಿದರು: “ಲಡಾಯಿ ಮುಗೀತೇನಪಾ?”

“ಇಲ್ರೀ ಅಮ್ಮಾಜಿ,” ಎಂದರು ಮಾಸ್ತರರು, “ಇನ್ನಾ ಒಬ್ಬರಿಗೊಬ್ಬರು ಕಂಡೇ ಇಲ್ಲ.”

ಸಾಹೇಬರ ಸವಾರರು

ಸಿಂಧನೂರಿನ ವಕೀಲರೊಬ್ಬರು ಮುಕದ್ದಮೆಗೆಂದು ಬಂದಾಗ ಆಟಕ್ಕೂ ಬರುತ್ತಿದ್ದರು. ಒಮ್ಮೆ ಸಾಹೇಬರೊಡನೆ ಮಾತಿಗೆ ಮಾತು ಬೆಳೆದು ಪಣವಾಯಿತು: ಗೆದ್ದವರ ಮನೆಗೆ ಮೇಜು, ಫೌಜು ಎರಡೂ ಕಾಯಂ. ಸೋತರೆ ನಮಗೆ ಹೋಗುವುದು ಶುಕ್ರವಾರದ ಹೊತ್ತು. ಸಾಹೇಬರಿಗೆ ಹಾಗಲ್ಲ. ನೌಕರಿ ಬಿಟ್ಟ ಮೇಲೆ ಅವರ ಹುಕುಂ ಕೇಳುತ್ತಿದ್ದದ್ದು ಆ ಮಣ್ಣಿನ ಮಂದಿ ಮಾತ್ರ.

ಅವರು ಬೆಂಗಾವಲಿಗೆ ಬರೀ ಸವಾರರನ್ನೇ ಇಟ್ಟರು. ಆದರೆ ಅವರೇ ಬರೆದ ಕಾಯ್ದೆಯೊಂದಿತ್ತು: ಓಡುವ ಶತ್ರು ಹತ್ತಿರದಲ್ಲಿ ಕಂಡರೆ ಸವಾರ ಬೆನ್ನು ಹತ್ತಲೇಬೇಕು. ಸುಮ್ಮನೆ ನಿಂತ ಸವಾರನನ್ನು ತಾವು ಇಡೀ ನೌಕರಿಯಲ್ಲಿ ಕಂಡಿಲ್ಲವಂತೆ. ವಕೀಲರು ಕಾಲು ಮುರಿದ ಒಂದು ಕುದುರೆಯನ್ನು ಅವರ ಎದುರೇ ಓಡಿಸಿದರು. ಬೆಂಗಾವಲು ಪೂರಾ ಅದರ ಹಿಂದೆ ಹೋಯಿತು. ಸರದಾರ ಒಂಟಿಯಾದ.

ಈ ಒಂದು ಸಲ ಆ ಕಾಯ್ದೆ ಬಿಡಿ ಎಂದು ಶೆಟ್ಟರು ಪಿಸುಗುಟ್ಟಿದರು. “ನಾ ಮಾಡಿದ ಕಾಯ್ದೆ ನನಗೊಂದು, ಮಂದಿಗೊಂದು ಇರ್ತೈತೇನು?” ಎಂದರು ಸಾಹೇಬರು. ವಕೀಲರ ಸವಾರ ಬಂದು ಸರದಾರನನ್ನು ಮುಟ್ಟಿದ. ಸೋತಿರಿ ಎಂದು ನಾನೇ ಹೇಳಬೇಕಾಯಿತು. ಅವರು ಮೇಜಿನ ಅಂಚಿನಲ್ಲಿದ್ದ ತಮ್ಮ ಸವಾರರನ್ನೇ ನೋಡುತ್ತಿದ್ದರು.

“ಸೋತೀನಿ, ಖರೆ. ಆದ್ರ ಹೆಂಗ ಓಡ್ಯಾರ ನೋಡ್ರಿ.”

ಸಿಂಧನೂರಿನ ದಾರಿ

ಮರುದಿನ ಫೌಜನ್ನು ಹುಲ್ಲಿನಲ್ಲಿ ಸುತ್ತಿ ಮೇಜಿನೊಡನೆ ಗಾಡಿಗೆ ಹೇರಿದೆವು. ಬೆಂಗಾವಲಿಲ್ಲದೆ ಫೌಜು ಹೊರಡಬಾರದೆಂದು ಸಾಹೇಬರು ತಾವೇ ಮುದಿ ಕುದುರೆ ಹತ್ತಿ ಹೊರಟರು.

ಕೆಲವು ವಾರ ಕಳೆದವು. ಒಂದು ದಿನ ವಕೀಲರು ನ್ಯಾಯಾಲಯಕ್ಕೆ ಬಂದವರು ನೇರ ಶೆಟ್ಟರ ಅಂಗಡಿಗೆ ಬಂದು ಕುಳಿತರು. ಮುಖ ಇಳಿದಿತ್ತು. ಬೆಂಗಾವಲಿಗೆ ಹೋದ ಸಾಹೇಬರು ಹಿಂದಿರುಗದೆ ವಕೀಲರ ಪಡಸಾಲೆಯಲ್ಲೇ ಮೇಜಿನ ಪಕ್ಕ ಮಂಚ ಹಾಕಿಸಿಕೊಂಡಿದ್ದಾರಂತೆ. ಕೋಳಿ ಕೂಗುವ ಮೊದಲೇ ಫೌಜಿನ ಹಾಜರಿ. ಅದಕ್ಕೆ ಮನೆಮಂದಿಯೆಲ್ಲ ಏಳಬೇಕು. ಬಂದ ಪಕ್ಷಗಾರರನ್ನು ಬಾಗಿಲಲ್ಲೇ ತಡೆದು, ಯಾರು, ಯಾವ ಊರು, ಯಾಕೆ ಬಂದಿ ಎಂದು ತಪಾಸಣೆ. ಬಳಗಾನೂರಿನ ಒಬ್ಬ ಹೆದರಿ ಎದುರು ಪಕ್ಷದ ವಕೀಲನ ಹತ್ತಿರ ಹೋದನಂತೆ.

ಯಾವಾಗ ಹೊರಡುತ್ತೀರಿ ಎಂದು ಕೇಳಲಿಲ್ಲವೇ ಎಂದೆ.

“ಕೇಳೀನ್ರಿ. ಬೆಂಗಾವಲಿನವ ಸಾಮಾನು ಬಿಟ್ಟು ಹೋಗೂದುಂಟೇನು ಅಂತಾರ.” ವಕೀಲರು ನಿಟ್ಟುಸಿರಿಟ್ಟರು. “ಮೇಜು ನಿಮಗ ವಾಪಸ್. ನಾ ಗೆದ್ದೀನಿ ಅನ್ನೂದು ಮರತುಬಿಡ್ರಿ.”

ಮುಂದಿನ ವಾರ ಗಾಡಿ ಛಾವಣಿಯ ಕಡೆ ಬಂತು. ಮುಂದೆ ಕುದುರೆಯ ಮೇಲೆ ಸಾಹೇಬರು, ಹತ್ತು ವರ್ಷ ಕಿರಿಯರಾದಂತೆ. ಹಿಂದೆ ಗಾಡಿ. ನೊಗದ ಹಿಂದೆ ಹಗ್ಗ ಹಿಡಿದು ಕೂತವರು ಕರಿಕೋಟಿನ ವಕೀಲರು, ಮೀಸೆಯ ತುಂಬ ಧೂಳು. ಗಾಡಿಯವ ಎಲ್ಲಿ ಎಂದು ಶೆಟ್ಟರು ಕೇಳಿದರು.

“ಮಸ್ಕ್ಯಾಗ ಗಾಲಿ ಸಡ್ಲಾತ್ರಿ,” ಎಂದರು ವಕೀಲರು. “ರಿಪೇರಿಗೆ ಸಿಂಧನೂರೇ ಚಲೋ, ಹೊಳ್ಳಸು ಅಂದ್ರು ಸಾಹೇಬ್ರು. ಗಾಡಿಯವ ಹೊಳ್ಳಸಾಕ ಹತ್ತಿದ. ಅವನ್ನ ಅಲ್ಲೇ ಇಳಿಸಿ, ಅಲ್ಲಿಂದ ನಾನಾ ಹೊಡ್ಕೊಂಡ ಬಂದೀನಿ.”