ತೋಟಪ್ಪನ ಹರಿಯದ ರೇನ್‌ಕೋಟು

ಒಂದು ರೇನ್‌ಕೋಟು ಕೊಳ್ಳಲು ಮನುಷ್ಯನಿಗೆ ಎಷ್ಟು ದಿನ ಬೇಕು, ನೀವೇ ಹೇಳಿ. ಗಜೇಂದ್ರಗಡದ ತೋಟಪ್ಪನಿಗೆ ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನವೂ ಬೇಕಿತ್ತು, ಆದರೆ ಅಂಗಡಿಯ ಇಸ್ಮಾಯಿಲಸಾಬನ ತಾಳ್ಮೆ ಒಂಬತ್ತಕ್ಕೇ ಮುಗಿದುಹೋಯಿತು.

ತೋಟಪ್ಪ ಬಸ್ ಕಂಡಕ್ಟರಾಗಿ ದುಡಿದು ನಿವೃತ್ತನಾದವನು. ಮೂವತ್ತಮೂರು ವರ್ಷ ಜನರ ನಡುವೆ ನುಗ್ಗಾಡಿದ ಮೈ ಅದು. ಮಕ್ಕಳಿಲ್ಲ. ಹೆಂಡತಿ ಸಕ್ಕೂಬಾಯಿ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಮನೆಯಲ್ಲಿ ಮಾತಾಡುವುದು ಕುಕ್ಕರ್ ಒಂದೇ, ಅದೂ ಮೂರು ಸಲ. ಮೊಬೈಲಿಗೆ ಕಂಪನಿಯ ಹೆಣ್ಣುಮಗಳ ರೆಕಾರ್ಡು ದನಿ ಬಂದರೂ ತೋಟಪ್ಪ ಪೂರ್ತಿ ಕೇಳಿ, "ಆತವಾ, ಇಡ್ತೇನಿ" ಎಂದು ಹೇಳಿಯೇ ಇಡುತ್ತಿದ್ದ. (ಪಾಪ, ಅವಳಾದರೂ ತಾನಾಗಿ ಫೋನು ಮಾಡುತ್ತಾಳಲ್ಲ.)

ಹೀಗಿರಲು, ಆಷಾಢ ಏಕಾದಶಿಗೆ ಮುಟ್ಟುವಂತೆ ಪಂಢರಪುರಕ್ಕೆ ನಡೆದುಹೋಗುವ ಊರಿನ ಭಕ್ತರ ಗುಂಪಿನ, ಅಂದರೆ ದಿಂಡಿಯ, ಸುದ್ದಿ ಬಂತು. ಹದಿನೈದು ದಿನದ ನಡಿಗೆ, ನಲವತ್ತು ಜನ. ಆ ನಲವತ್ತು ಎಂಬ ಸಂಖ್ಯೆ ಕಿವಿಗೆ ಬಿದ್ದದ್ದೇ ತೋಟಪ್ಪನಲ್ಲಿ ಭಕ್ತಿ ಉಕ್ಕಿಬಂತು. ಹದಿನೈದು ದಿನ ಯಾರಾದರೂ ಪಕ್ಕದಲ್ಲಿ ಮಾತಾಡುತ್ತ ನಡೆಯುತ್ತಾರೆ, ಅಷ್ಟೇ ಸಾಕಾಗಿತ್ತು ಅವನಿಗೆ. ವಿಠ್ಠಲನ ದರ್ಶನ ಸಿಕ್ಕರೆ ಅದು ಮೇಲಿನ ಲಾಭ.

ಮಳೆಗಾಲದ ನಡಿಗೆಗೆ ಏನಾದರೂ ಬೇಕೆಂದು ಬಸ್ ಸ್ಟ್ಯಾಂಡ್ ಎದುರಿನ ಇಸ್ಮಾಯಿಲಸಾಬನ ಅಂಗಡಿಗೆ ಹೋದ. ಮೊದಲ ದಿನ ಛತ್ರಿ ನೋಡಿ, "ಗಾಳಿಗೆ ಉಲ್ಟಾ ಆಕ್ಕೈತಿ" ಎಂದು ಎದ್ದುಬಂದ. ಮರುದಿನ ಗಿಡ್ಡ ಕೋಟು ತೋರಿಸಿದರೆ, "ಮೊಣಕಾಲ ಏನ್ ಪಾಪ ಮಾಡ್ಯಾವು?" ಎಂದ. ಕೆಂಪು ಕೋಟು ಹಾಕಿದರೆ ದಾರಿಯಲ್ಲಿ ಹೋರಿ ಬೆನ್ನು ಹತ್ತುತ್ತದೆ ಎಂಬುದು ಮೂರನೆಯ ದಿನದ ತಕರಾರು. ದಿನವೂ ಒಂದು ತಕರಾರು, ಒಂದು ಚಹಾ, ಒಂದು ತಾಸು ಮಾತು. (ಚಹಾ ಇಸ್ಮಾಯಿಲಸಾಬನದು.)

ಒಂಬತ್ತನೆಯ ದಿನ ಇಸ್ಮಾಯಿಲಸಾಬ ಕೈ ಮುಗಿದ. "ತೋಟಪ್ಪಣ್ಣ, ನಿಂದು ರೇನ್‌ಕೋಟೋ, ಮಗಳಿಗೆ ವರಾನೋ? ನಡದು ಹೋಗೋರು ಕೋಟ ತಗೊಳಂಗಿಲ್ಲ ಮಾರಾಯಾ. ದೊಡ್ಡದೊಂದು ಪ್ಲಾಸ್ಟಿಕ್ ಹಾಳಿ ಒಯ್ತಾರ. ಮಳಿ ಬಂದರ ನಾಕೈದು ಮಂದಿ ಅದರ ಕೆಳಗ ಹೊಕ್ಕೊಂಡು ನಡೀತಾರ."

"ನನ್ನ ಯಾರು ಸೇರಿಸ್ಕೋತಾರ?" ಎಂದ ತೋಟಪ್ಪ. ತಮಾಷೆಗೆಂದೇ ಅಂದದ್ದು. ಆದರೆ ಮಾತು ತಮಾಷೆಯಾಗಿ ಹೊರಬರಲಿಲ್ಲ.

ಇಸ್ಮಾಯಿಲಸಾಬ ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ಅಂಗಡಿಯ ಅನರ್ಘ್ಯ ರತ್ನವನ್ನು ಇಳಿಸಿದ. ಅಂಗಿ, ಪ್ಯಾಂಟು, ತಲೆಗೆ ಟೊಪ್ಪಿಗೆ, ಎದೆಯೊಳಗೆ ನಾಲ್ಕು ಜೇಬು. "ಇದರಾಗ ಹೊಕ್ಕಿ ಅಂದ್ರ ಒಂದು ಹನಿ ದಾಟಂಗಿಲ್ಲ. ಯಾರ ಹಂಗೂ ಇಲ್ಲ." ತೋಟಪ್ಪ ಚೌಕಾಸಿ ಕೂಡ ಮಾಡದೆ ಕೊಂಡ.

ದಿಂಡಿ ಹೊರಟು ರೋಣ ದಾಟಿದ ಮೇಲೆ ಮಳೆ ಹಿಡಿಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಲವತ್ತು ಜನ ಎಂಟು ಹಾಳಿಗಳ ಕೆಳಗೆ ಮಾಯವಾದರು. ಪ್ರತಿ ಹಾಳಿಯೊಳಗಿಂದಲೂ ಹರಟೆ, ನಗು. ತೋಟಪ್ಪ ಸರ್ವಾಂಗ ಕವಚಧಾರಿಯಾಗಿ ಒಂದು ಹಾಳಿಯ ಹತ್ತಿರ ಸರಿದ. ದಿಂಡಿಯ ಹಿರಿಯ, ಭಜನೆಗೆ ಮೃದಂಗ ಬಾರಿಸುವ ನೇಕಾರ ಅಜ್ಜಪ್ಪ ಅಂಚು ಎತ್ತಿ ನೋಡಿದ.

"ಹೊರಗಿರ್ರಿ ತೋಟಪ್ಪನವರ, ನಿಮ್ಮ ಕೋಟಿನ ನೀರು ನಮ್ಮ ಮ್ಯಾಲೆ ಸುರೀತೈತಿ. ನಿಮಗೇನ್ ಕಡಿಮಿ ಬಿಡ್ರಿ, ಸಾಹೇಬ್ರಂಗ ಬಂದೀರಿ. ಹಾಂ, ಒಳಗ ಜೇಬು ಅದಾವಲ್ಲ, ಈ ಮೊಬೈಲ್ ಒಂದೀಟು ಇಟ್ಕೋರಿ."

ಒಬ್ಬರು ಕೊಟ್ಟದ್ದು ನೋಡಿ ಮೊಬೈಲ್ ಇದ್ದವರೆಲ್ಲ ಕೊಟ್ಟರು. ಹನ್ನೊಂದು ಮೊಬೈಲು. ಎದೆಯೊಳಗೆ ಅವು ಸರದಿಯ ಮೇಲೆ ಗುರುಗುಟ್ಟತೊಡಗಿದವು. ಎಲ್ಲಿ ಮುಟ್ಟಿದಿರಿ, ಉಂಡಿರೋ ಇಲ್ಲವೋ ಎಂದು ಕೇಳುವ ಮನೆಯವರು. ಹನ್ನೆರಡನೆಯದು, ಅವನ ಸ್ವಂತದ್ದು, ಸುಮ್ಮನಿತ್ತು. ತೋಟಪ್ಪ ಪೂರ್ತಿ ಒಣಗಿದ ಮೈಯಲ್ಲಿ ಒಬ್ಬನೇ ನಡೆದ. ಅಷ್ಟು ಬೇಸರ ಅವನಿಗೆ ಸಕ್ಕೂಬಾಯಿ ಇಲ್ಲದ ಮನೆಯಲ್ಲೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಕೋಟನ್ನು ಚೀಲದ ತಳಕ್ಕೆ ತುರುಕಿ, "ಹರದು ಹೋತ್ರಿ" ಎಂದು ಸಾರಿದ. ಮಳೆ ಶುರುವಾದಾಗ ರಸ್ತೆಯ ನಡುವೆ ಬರಿದಲೆಯಲ್ಲಿ ನಿಂತ. ಎಪ್ಪತ್ತು ದಾಟಿದ ಸಿದ್ದಲಿಂಗವ್ವ ಕೈ ಹಿಡಿದು ಎಳೆದಳು. "ಒಳಗ ಬಾ ತಮ್ಮಾ, ಹಂಗ್ಯಾಕ ನಿಂತಿ?"

ಒಳಗೆ ಕಾಲಿಡಲು ಜಾಗವಿರಲಿಲ್ಲ. ಒಬ್ಬರ ಮೊಣಕೈ ಪಕ್ಕೆಗೆ ತಿವಿಯಿತು, ಇನ್ನೊಬ್ಬರು ಕಾಲು ತುಳಿದರು. ಸಿದ್ದಲಿಂಗವ್ವ ತನ್ನ ಸೊಸೆಯ ಸಾರಿನಿಂದ ಹಿಡಿದು ತನ್ನ ಮಂಡಿ ನೋವಿನವರೆಗೆ ಎಲ್ಲವನ್ನೂ ವರ್ಣಿಸಿದಳು. ಯಾವಗಲ್ ಊರು ಬಂದದ್ದೇ ತಿಳಿಯಲಿಲ್ಲ. ಇನ್ನೂ ನಾಲ್ಕು ಹರದಾರಿ ಇರಬಾರದಿತ್ತೇ ಎನಿಸಿತು ಅವನಿಗೆ.

ಯಾವಗಲ್ಲಿನ ಗುಡಿಯ ಕಟ್ಟೆಯ ಮೇಲೆ ಚಹಾಕ್ಕೆ ಕುಳಿತಾಗ ಸಿದ್ದಲಿಂಗವ್ವ ಸೂಜಿ ದಾರ ತೆಗೆದಳು. "ಕೋಟ ಕೊಡು ಇಲ್ಲೆ, ಹೊಲದು ಕೊಡ್ತೇನಿ."

"ಬ್ಯಾಡ ಬಿಡಬೇ ಯಕ್ಕಾ, ನಿನಗ್ಯಾಕ ತ್ರಾಸು..."

ಅನ್ನುವಷ್ಟರಲ್ಲಿ ಕೋಟು ಚೀಲದಿಂದ ಹೊರಗೆ ಬಂದಿತ್ತು. ತಿರುವಿ ಮುರುವಿ ನೋಡಿದರೂ ಹರಕು ಸಿಗಲಿಲ್ಲ. "ತೂತು ಸಣ್ಣದಿರಬೇಕು" ಎಂದು ಅಜ್ಜಪ್ಪ, ಪಂಚರ್ ಹುಡುಕುವವರಂತೆ, ಕೋಟನ್ನು ನಾಲ್ವರಿಂದ ಜೋಳಿಗೆಯಾಗಿ ಹಿಡಿಸಿ ಅದರೊಳಗೆ ಒಂದು ಕೊಡ ನೀರು ಸುರಿದ. ನಲವತ್ತು ಜನ ಬಗ್ಗಿ ಕೆಳಗಿನಿಂದ ನೋಡಿದರು. ಒಂದು ಹನಿ ತೊಟ್ಟಿಕ್ಕಲಿಲ್ಲ.

ಎಲ್ಲರ ಕಣ್ಣೂ ತೋಟಪ್ಪನ ಮೇಲೆ ತಿರುಗಿದವು.

"ಹರದಿಲ್ಲ," ಎಂದ ಅವನು ನೆಲ ನೋಡುತ್ತ. "ಅದರಾಗ ಒಬ್ಬಾವನ ಇರಬೇಕಾಗತೈತಿ. ಮನ್ಯಾಗೂ ಒಬ್ಬಾವನ, ಕೋಟಿನ್ಯಾಗೂ ಒಬ್ಬಾವನ. ಸಾಕಾತು ನನಗ."

ಅಜ್ಜಪ್ಪ ನೀರು ಚೆಲ್ಲಿ, ಕೋಟು ಒರೆಸಿ, ಅದನ್ನು ತನ್ನ ಮೃದಂಗಕ್ಕೆ ತೊಡಿಸಿ ಗುಂಡಿ ಹಾಕಿದ. ಹೀಗೆ ಒಂಬತ್ತು ದಿನ ಆರಿಸಿ ತಂದ ಕೋಟು ಮೃದಂಗದ ಪಾಲಾಯಿತು. ತೋಟಪ್ಪ ಎತ್ತರದ ಆಳಾದ್ದರಿಂದ ಹಾಳಿಯ ಹಿಂದಿನ ಮೂಲೆ ಎತ್ತಿ ಹಿಡಿಯುವ ಹೊಣೆ ಅವನಿಗೆ ಬಂತು. ಹಾಳಿಯ ಮೇಲಿನ ನೀರೆಲ್ಲ ಇಳಿಯುವುದು ಆ ಮೂಲೆಯಿಂದಲೇ, ನೇರ ಅವನ ಕುತ್ತಿಗೆಯೊಳಗೆ.

ನರಗುಂದ ಮುಟ್ಟುವ ಹೊತ್ತಿಗೆ ಅವನು ನಾಲ್ಕು ಸಲ ಸೀನಿದ್ದ. ಸಿದ್ದಲಿಂಗವ್ವ ತಡೆದು ನಿಲ್ಲಿಸಿ, ತನ್ನ ಸೆರಗಿನಿಂದ ಅವನ ತಲೆ ಗಸಗಸ ಒರೆಸಿದಳು. ಸೆರಗು ಅವನ ತಲೆಗಿಂತ ಹೆಚ್ಚು ತೊಯ್ದಿತ್ತು.

"ಒಣಗಿತೇನು?" ಎಂದಳು.

"ಹೂಂ ಯಕ್ಕಾ, ಪೂರಾ ಒಣಗಿತು," ಎಂದ ತೋಟಪ್ಪ.