ವಾರಗಿತ್ತಿಗಾಗಿ ಇಪ್ಪತ್ತು ವಾಕ್ಯ

ಬ್ಯಾಂಕಾಕಿನ ಹೋಟೆಲಿನಲ್ಲಿ ಅಡುಗೆಗಿದ್ದ ಮೈದುನ ಮೋಹನ್‌ಕುಮಾರ್ ಅಲ್ಲಿಯ ಅರುಣಿಯನ್ನು ಮದುವೆಯಾಗಿ, ದಸರೆಗೆ ಹಿರಿಯೂರಿಗೆ ಕರೆತರುತ್ತೇನೆಂದು ಬರೆದ ದಿನವೇ ದೇವಿಕಾ ಥಾಯ್ ಭಾಷೆ ಕಲಿಯುವ ಮಹಾಸಂಕಲ್ಪ ತೊಟ್ಟಳು. ಆರು ವರ್ಷದ ಹಿಂದೆ ಅವಳೂ ಬರೀ ತೆಲುಗು ಕಟ್ಟಿಕೊಂಡು ಈ ಮನೆಗೆ ಬಂದವಳೇ. ಬಾಯಿ ಬಿಟ್ಟರೆ ಓಣಿಯೆಲ್ಲ ನಗುತ್ತಿತ್ತು. ನಗದೆ ಒಂದೊಂದೇ ಮಾತು ಕಲಿಸಿದವರು ಅತ್ತೆ ಗಂಗಕ್ಕ. ಆ ಋಣವಂತೂ ತೀರದು, ಬರುವವಳಾದರೂ ಇಲ್ಲಿ ಮೂಗಿಯಂತೆ ಕೂರಬಾರದು ಎಂದು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದಳು.

ಮೊದಲ ಸಾಧನ, ಬೆಂಗಳೂರಿನಿಂದ ತರಿಸಿದ ಪುಸ್ತಕ. ಅದರಲ್ಲಿದ್ದದ್ದು ಕೋಣೆಯ ಬಾಡಿಗೆ, ವಿಮಾನದ ಹೊತ್ತು. (ಮೂರನೇ ಪುಟವನ್ನು ಅವಳ ಕೂಸು ತಿಂದಿತು. ಪುಸ್ತಕವನ್ನು ಅರಗಿಸಿಕೊಂಡದ್ದು ಅದೊಂದೇ.) ಎರಡನೆಯದು, ಕಂಪನಿ ಖರ್ಚಿನಲ್ಲಿ ಐದು ದಿನ ಬ್ಯಾಂಕಾಕ್ ಸುತ್ತಿಬಂದ ಗೊಬ್ಬರದಂಗಡಿ ಓಬಳೇಶಪ್ಪ. ಅವರಿಗೆ ಬರುತ್ತಿದ್ದುದು ‘ರೇಟು ಇಳಿಸಿ’ ಎಂಬ ಒಂದೇ ಮಾತು. ಕೊನೆಗೆ ಇಪ್ಪತ್ತು ವಾಕ್ಯ ಬರೆದು ಮೈದುನನಿಗೇ ಕಳಿಸಿದಳು. ಅವನು ಕನ್ನಡ ಲಿಪಿಯಲ್ಲಿ ಥಾಯ್ ಬರೆದು, ದನಿ ಏರುವಲ್ಲಿ ಇಳಿಯುವಲ್ಲಿ ಬಾಣ ಹಾಕಿ ಕಳಿಸಿದ. ತೊಟ್ಟಿಲು ತೂಗುತ್ತ ಅಭ್ಯಾಸ ನಡೆಯಿತು.

“ಲಾಲಿ ಹಾಡ್ತಿಯೋ, ಮಾಟ ಮಾಡ್ತಿಯೋ?” ಎಂದು ಗಂಡ ಹನುಮೇಶ್ ಮಗ್ಗುಲು ಬದಲಿಸಿದ.

ಹೊಸ ಜೋಡಿ ಬಂದಿಳಿದದ್ದು ಬೆಳಗಿನ ಏಳಕ್ಕೆ. ಆರತಿ ತಟ್ಟೆ ಹಿಡಿದ ದೇವಿಕಾ, ಬಾಣಗಳೆಲ್ಲ ಮರೆತುಹೋಗಿ, “ಕಿನ್ ಖಾವ್ ರು ಯಾಂಗ್” ಎಂದು ಊಟ ಆಯಿತೇ ಎಂದು ಕೇಳಿದಳು. ಅರುಣಿ ಅರ್ಥವಾದವಳಂತೆ ನಕ್ಕಳು. ಆಮೇಲೆ ಮಂಚದ ಮೇಲೆ ಕಾಲು ಚಾಚಿದ್ದ ಹನುಮೇಶನ ಮುಂದೆ ನಿಂತು, ಭಕ್ತಿಯಿಂದ ಕೈ ಮುಗಿದು, ಥೇಟ್ ದೇವಿಕಾಳ ರಾಗದಲ್ಲೇ ಅಂದಳು:

“ಏಳ್ರಿ ಮ್ಯಾಲೆ. ನೀರು ಬಂದು ಹೊತ್ತಾತು. ಕೊಡ ಏನ್ ತಾನೇ ನಡ್ಕಂಡು ಹೋಗ್ತೈತಾ?”

ಬರೆಯಲು ಬಾರದ ಗಂಗಕ್ಕ ಮಗನಿಗೆ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸುತ್ತಿದ್ದರಂತೆ. ಪ್ರತಿ ಕ್ಯಾಸೆಟ್ಟಿನಲ್ಲೂ ಅವರ ಮಾತಿನ ಹಿಂದೆ, ಗಂಡನನ್ನು ಎಬ್ಬಿಸುವ ದೇವಿಕಾಳ ಪ್ರಾತಃಕಾಲದ ಮಂಗಳಾರತಿ. ಅರುಣಿ ಅದನ್ನೇ ದಿನಾ ಹಾಕಿಕೊಂಡು ಕನ್ನಡ ಕಲಿತಿದ್ದಳು. “ಅಣ್ಣಂಗೆ ಬೆಳಿಗ್ಗೆ ಹೇಳೋ ನಮಸ್ಕಾರ ಇದೇ ಅಂತ ತಿಳ್ಕಂಡವಳೆ, ಅತ್ತಿಗೆ” ಎಂದ ಮೋಹನ್‌ಕುಮಾರ್, ನಗು ತಡೆಯಲಾರದೆ.

ಬಾಗಿಲಲ್ಲಿ ನೆರೆದ ಓಣಿಯೂ ನಕ್ಕಿತು. ಅರುಣಿಯ ಮುಖ ಬಾಡಿತು. ಆ ಮುಖ ದೇವಿಕಾಳಿಗೆ ಚೆನ್ನಾಗಿ ಗೊತ್ತು. ನಾಚಿಕೆಯನ್ನು ಆರತಿ ತಟ್ಟೆಯ ಜೊತೆ ಕೆಳಗಿಟ್ಟು, ಅವಳ ಕೈ ಹಿಡಿದುಕೊಂಡಳು.

“ತಪ್ಪೇನಿಲ್ಲ ಕಣಮ್ಮ. ಈ ಮನೇಲಿ ಅವರಿಗೆ ಹಂಗೇ ನಮಸ್ಕಾರ ಮಾಡದು.”

ಅರುಣಿ ನಕ್ಕಳು. ಆರು ವರ್ಷದಲ್ಲಿ ಮೂರನೇ ಕೂಗಿಗೂ ಏಳದ ಹನುಮೇಶ್ ಆಗಲೇ ಕೊಡ ಹೆಗಲಿಗೇರಿಸಿ ಬೀದಿಗಿಳಿದಿದ್ದ. ದೇವಿಕಾ ಬಾಯಿ ತೆರೆದು ನೋಡುತ್ತ ನಿಂತಳು.

ಗಂಗಕ್ಕ ಮಾತ್ರ ನಗದೆ, ಕಿರಿಸೊಸೆಯ ತಲೆ ನೇವರಿಸಿದರು. “ನಾಳೆಯಿಂದ ನೀನೇ ಹೇಳವ್ವ. ಇವಳು ಹೇಳಿ ಹೇಳಿ ಸಾಕಾಗವಳೆ.”